ನಗರದ ವಸತಿಹೀನರಿಗೆ ಆಶ್ರಯ: ವರ್ತಕರು ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆ, ಕಲಾಸಿಪಾಳ್ಯ, ಯಶವಂತಪುರ ಮಂಡಿಗಳ ಸುತ್ತಮುತ್ತ ವ್ಯಾಪಾರ ನಡೆಸುವವರಿಗೆ, ರಾತ್ರಿ ಶಟರ್ ಎಳೆದ ಮೇಲೆ ಅಂಗಡಿಯ ಮುಂದಿನ ಜಗಲಿಯಲ್ಲಿ ಮಲಗುವವರ ಪರಿಚಯ ಇದ್ದೇ ಇರುತ್ತದೆ. ಅವರಲ್ಲಿ ಅನೇಕರು ಹಗಲಿನಲ್ಲಿ ಅದೇ ಬೀದಿಯಲ್ಲಿ ಮೂಟೆ ಹೊರುವವರು, ಕೈಗಾಡಿ ಎಳೆಯುವವರು, ತರಕಾರಿ ಇಳಿಸುವವರು, ರದ್ದಿ ಆಯುವವರು, ಕಲ್ಯಾಣ ಮಂಟಪಗಳಲ್ಲಿ ಅಡುಗೆಗೆ ಕೈಜೋಡಿಸುವವರು. ಹಗಲು ನಮಗೆ ಬೇಕಾದ ಈ ದುಡಿಮೆಗಾರ ರಾತ್ರಿಯಾದೊಡನೆ ಅಡಚಣೆಯಾಗಿ ಕಾಣುತ್ತಾನೆ. ವಸತಿಹೀನರ ಪ್ರಶ್ನೆ ವಾಣಿಜ್ಯ ವಲಯಕ್ಕೆ ಸಂಬಂಧಪಡುವುದು ಇಲ್ಲಿಯೇ. ಆದಕಾರಣ ಇದನ್ನು ದಾನಧರ್ಮದ ವಿಷಯವೆಂದು ಬದಿಗಿಡದೆ, ಕಾನೂನು ಏನು ಹೇಳುತ್ತದೆ, ಯೋಜನೆಗಳು ಯಾವುವು, ಅವು ಎಲ್ಲಿ ಎಡವುತ್ತಿವೆ ಎಂಬುದನ್ನು ಸದಸ್ಯರು ಅರಿತಿರುವುದು ಅವಶ್ಯಕ.

ವಸತಿಹೀನರು ಯಾರು?

ಜನಗಣತಿಯ ವ್ಯಾಖ್ಯೆಯಂತೆ ಮನೆ ಅಥವಾ ಕಟ್ಟಡದಲ್ಲಿ ವಾಸಿಸದೆ ರಸ್ತೆಬದಿ, ಪಾದಚಾರಿ ಮಾರ್ಗ, ಮೇಲ್ಸೇತುವೆಯ ಕೆಳಭಾಗ, ದೊಡ್ಡ ಕೊಳವೆಗಳು, ರೈಲು ನಿಲ್ದಾಣ, ಪೂಜಾಸ್ಥಳಗಳ ಆವರಣ ಮುಂತಾದೆಡೆ ಬಯಲಿನಲ್ಲಿ ಇರುವವರು ವಸತಿಹೀನರು. 2011ರ ಜನಗಣತಿಯಲ್ಲಿ ದೇಶದಾದ್ಯಂತ ಇಂಥವರ ಸಂಖ್ಯೆ ಸುಮಾರು 17.7 ಲಕ್ಷ, ಅದರಲ್ಲಿ ನಗರವಾಸಿಗಳೇ 9 ಲಕ್ಷಕ್ಕೂ ಅಧಿಕ. ಕೊಳೆಗೇರಿ ನಿವಾಸಿಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವರಿಗೆ ಹರಕು ತಗಡಿನದಾದರೂ ಒಂದು ಸೂರು ಇರುತ್ತದೆ.

ದುಡಿಯುವ ಮನುಷ್ಯ ಬೀದಿಯಲ್ಲಿ ಮಲಗುವುದೇಕೆ? ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬಹುಕಾಲದ ರೂಢಿ. ತಿಂಗಳಿಗೆ 5,000 ರೂಪಾಯಿ ಬಾಡಿಗೆಯ ಒಂದು ಕೋಣೆಗೆ 50,000 ರೂಪಾಯಿಯನ್ನು ಒಟ್ಟಿಗೆ ತರಬೇಕಾಗುತ್ತದೆ. ದಿನಗೂಲಿಯವನ ಬಳಿ ತಿಂಗಳ ಬಾಡಿಗೆ ಹುಟ್ಟಿದರೂ ಮುಂಗಡ ಹುಟ್ಟುವುದಿಲ್ಲ. ಎರಡನೆಯ ಕಾರಣ ದುಡಿಮೆಯ ಹೊತ್ತು. ಸರಕಿನ ಲಾರಿಗಳು ಪೇಟೆಗೆ ಬರುವುದು ರಾತ್ರಿ ಮತ್ತು ನಸುಕಿನಲ್ಲಿ. ದೂರದ ಬಡಾವಣೆಯಲ್ಲಿ ಅಗ್ಗದ ಕೋಣೆ ಸಿಕ್ಕರೂ ಆ ಹೊತ್ತಿಗೆ ಮಂಡಿ ತಲುಪಲು ಬಸ್ಸಿರುವುದಿಲ್ಲ; ಲಾರಿ ಬಂದಾಗ ಸ್ಥಳದಲ್ಲಿ ಇಲ್ಲದವನಿಗೆ ಅಂದಿನ ಕೂಲಿಯಿಲ್ಲ. ಇವರ ಜೊತೆಗೆ ಮನೆಯಿಂದ ಹೊರದೂಡಲ್ಪಟ್ಟ ವೃದ್ಧರು, ಹಿಂಸೆಗೆ ಅಂಜಿ ಬಂದ ಹೆಂಗಸರು, ಮಾನಸಿಕ ಅಸ್ವಸ್ಥರು ಮತ್ತು ಸರಕಾರಿ ಆಸ್ಪತ್ರೆಗೆ ರೋಗಿಯೊಡನೆ ಬಂದು ತಂಗಲು ತಾವಿಲ್ಲದವರೂ ಇದ್ದಾರೆ. ಎಲ್ಲರಿಗೂ ಒಂದೇ ಬಗೆಯ ಪರಿಹಾರ ಹೊಂದುವುದಿಲ್ಲ.

ಸರ್ವೋಚ್ಚ ನ್ಯಾಯಾಲಯದ ನಿರ್ದೇಶನ

2009ರ ಡಿಸೆಂಬರ್‌ನ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯಲ್ಲಿದ್ದ ತಾತ್ಕಾಲಿಕ ಆಶ್ರಯ ಕೇಂದ್ರವನ್ನು ತೆರವುಗೊಳಿಸಲಾಯಿತು. ಇದು ನ್ಯಾಯಾಲಯದ ಗಮನಕ್ಕೆ ಬಂದು, ಆಹಾರದ ಹಕ್ಕಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಜನವರಿಯಲ್ಲಿ ಆಶ್ರಯ ಒದಗಿಸುವಂತೆ ಆದೇಶಿಸಿತು. ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರವಿರಬೇಕು. ಅದು ಚಳಿಗಾಲಕ್ಕೆ ಸೀಮಿತವಾಗದೆ ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರಬೇಕು ಎಂಬ ತತ್ತ್ವ ಇದರಿಂದ ನೆಲೆಗೊಂಡಿತು. ಅದೇ ವರ್ಷ ರಚನೆಯಾದ ದೆಹಲಿ ನಗರ ಆಶ್ರಯ ಸುಧಾರಣಾ ಮಂಡಳಿಯು ಪಕ್ಕಾ ಕಟ್ಟಡ ಹಾಗೂ ಸಿದ್ಧಕೋಣೆಗಳೆರಡನ್ನೂ ಬಳಸಿ ಕೇಂದ್ರಗಳ ದೊಡ್ಡ ಜಾಲವನ್ನೇ ಬೆಳೆಸಿತು.

2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಇದಕ್ಕೆ ಹಣಕಾಸಿನ ಆಧಾರ ಒದಗಿಸಿತು. 2024ರಲ್ಲಿ ಆ ಅಭಿಯಾನ ಮುಕ್ತಾಯಗೊಂಡರೂ ಅದರ ಮಾನದಂಡಗಳು ಇಂದಿಗೂ ಉತ್ತಮ ಮಾದರಿಯಾಗಿವೆ. ತಲಾ ಕನಿಷ್ಠ 50 ಚದರ ಅಡಿ ಸ್ಥಳ, ಕುಡಿಯುವ ನೀರು, ಸ್ನಾನಗೃಹ ಮತ್ತು ಶೌಚಾಲಯ, ಸಾಮೂಹಿಕ ಅಡುಗೆ ಸ್ಥಳ, ಶುಚಿಯಾದ ಹೊದಿಕೆ, ಪ್ರಥಮ ಚಿಕಿತ್ಸೆ, ಅಗ್ನಿ ಸುರಕ್ಷತೆ ಇವು ಅವುಗಳಲ್ಲಿ ಮುಖ್ಯ. ಕೇಂದ್ರಗಳು ರೈಲು ಮತ್ತು ಬಸ್ ನಿಲ್ದಾಣ, ಮಾರುಕಟ್ಟೆ, ಸಗಟು ಮಂಡಿಗಳ ಸಮೀಪದಲ್ಲಿರಬೇಕೆಂದೂ ಮಾರ್ಗಸೂಚಿಯಲ್ಲಿ ಹೇಳಲಾಗಿತ್ತು. ಲೆಕ್ಕ ಹಾಕಿದರೆ 50 ಮಂದಿಯ ಕೇಂದ್ರಕ್ಕೆ ಬೇಕಾಗುವುದು 2,500 ಚದರ ಅಡಿ, ಅಂದರೆ ಮಧ್ಯಮ ಗಾತ್ರದ ಒಂದು ಗೋದಾಮಿನಷ್ಟು ಜಾಗ. 2011ರಲ್ಲಿ ಸುಮಾರು 84 ಲಕ್ಷ ಜನಸಂಖ್ಯೆಯಿದ್ದ ಬೆಂಗಳೂರಿಗೆ ಅಂದಿನ ಲೆಕ್ಕದಲ್ಲೇ 84 ಕೇಂದ್ರಗಳು ಬೇಕಿದ್ದವು. ನಗರವು ಈ ಗುರಿಯಿಂದ ಬಹಳ ಹಿಂದೆ ಉಳಿದಿದೆ.

ಪರಿಹಾರ ಕೇಂದ್ರ ಬೇರೆ, ಆಶ್ರಯ ಕೇಂದ್ರ ಬೇರೆ

‘ಆಸ್ತಿ ತೆರಿಗೆಯೊಡನೆ ಭಿಕ್ಷುಕರ ಕರವನ್ನೂ ಕಟ್ಟುತ್ತಿದ್ದೇವಲ್ಲ, ಅದು ಸಾಲದೆ?’ ಎಂಬ ಪ್ರಶ್ನೆ ವರ್ತಕರಲ್ಲಿ ಸಹಜ. ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ, 1975ರ ಅನ್ವಯ ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಕರ ವಿಧಿಸಲಾಗುತ್ತದೆ. ಆ ಹಣ ಮಾಗಡಿ ರಸ್ತೆಯಲ್ಲಿರುವಂಥ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಮೀಸಲು. ಭಿಕ್ಷೆ ಬೇಡುವವರನ್ನು ಹಿಡಿದು ತಂದು ಇರಿಸಿಕೊಳ್ಳಲು ಈ ಕಾನೂನಿನಲ್ಲಿ ಅವಕಾಶವಿದೆ. ಅಂದರೆ ಅಲ್ಲಿ ವ್ಯಕ್ತಿಯ ಇಚ್ಛೆಗಿಂತ ಕಾನೂನಿನ ಬಲವೇ ಮುಂದು. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಸಂಭವಿಸಿದ ಸಾಲು ಸಾವುಗಳು ರಾಜ್ಯವನ್ನೇ ಕಳವಳಗೊಳಿಸಿದ್ದವು. ಆಶ್ರಯ ಕೇಂದ್ರದ ಸ್ವರೂಪ ಇದಕ್ಕೆ ತೀರ ಭಿನ್ನ. ಅಲ್ಲಿಗೆ ಮನುಷ್ಯ ತಾನಾಗಿ ಬರುತ್ತಾನೆ, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾನೆ. ಬೇಡದೆ ದುಡಿದು ತಿನ್ನುವವನಿಗೆ ಬೇಕಾದುದು ಎರಡನೆಯದು. ಕರ ಕಟ್ಟಿದ ಮಾತ್ರಕ್ಕೆ ಅದು ಒದಗುವುದಿಲ್ಲ.

ಕೇಂದ್ರಗಳು ಖಾಲಿ ಉಳಿಯುವುದೇಕೆ?

ಕೇಂದ್ರ ತೆರೆದರೂ ಜನ ಬರುವುದಿಲ್ಲ ಎಂಬ ದೂರು ದೇಶದ ಹಲವು ನಗರಗಳಲ್ಲಿದೆ. ಜನರು ಬೀದಿಯನ್ನೇ ಇಷ್ಟಪಡುತ್ತಾರೆಂದು ಇದರಿಂದ ತೀರ್ಮಾನಿಸುವುದು ತಪ್ಪಾದೀತು. ಕಾರಣಗಳು ಸ್ಪಷ್ಟವಾಗಿವೆ.

1. ಸ್ಥಳ: ಜಾಗ ಸುಲಭವಾಗಿ ಸಿಗುವೆಡೆ ಕೇಂದ್ರ ತೆರೆಯಲಾಗುತ್ತದೆ, ಕೆಲಸವಿರುವುದು ಬೇರೆಡೆ. ಮಂಡಿಯಿಂದ ನಡೆದು ಹೋಗಲಾಗದ ದೂರದಲ್ಲಿರುವ ಕೇಂದ್ರ ಹಮಾಲಿಗೆ ಇದ್ದೂ ಇಲ್ಲದಂತೆ.

2. ವೇಳೆ: ಬೆಳಗ್ಗೆ ಎಲ್ಲರನ್ನೂ ಹೊರಕಳಿಸಿ ಬೀಗ ಹಾಕಿದರೆ ರಾತ್ರಿಯೆಲ್ಲ ಲಾರಿ ಇಳಿಸಿದವನು ಹಗಲು ನಿದ್ರಿಸುವುದೆಲ್ಲಿ? 24 ಗಂಟೆಯ ನಿಯಮದ ಮಹತ್ವ ಇದೇ.

3. ಸಾಮಾನು: ದುಡಿದ ಹಣ, ಬಟ್ಟೆಗಂಟು, ಕೆಲಸದ ಸಲಕರಣೆಗಳನ್ನು ಬೀಗ ಹಾಕಿ ಇಡಲು ಪೆಟ್ಟಿಗೆ ಇಲ್ಲದಿದ್ದರೆ ಕೇಂದ್ರಕ್ಕಿಂತ ಪರಿಚಿತ ಅಂಗಡಿಯ ಜಗಲಿಯೇ ಅವನಿಗೆ ಭದ್ರ.

4. ಕುಟುಂಬ: ಗಂಡಸರ ಕೇಂದ್ರದಲ್ಲಿ ಹೆಂಡತಿ ಮಕ್ಕಳಿಗೆ ಪ್ರವೇಶವಿರುವುದಿಲ್ಲ. ಒಗ್ಗಟ್ಟಾಗಿ ಬೀದಿಯಲ್ಲಿರುವುದನ್ನೇ ಕುಟುಂಬ ಆರಿಸಿಕೊಳ್ಳುತ್ತದೆ.

ಈ ನಾಲ್ಕರಲ್ಲಿ ಮೊದಲನೆಯದೇ ಮೂಲ. ಮಾರುಕಟ್ಟೆಯ ಬಳಿ ಜಾಗ ಗುರುತಿಸಿದಾಗ ಮೊದಲ ಆಕ್ಷೇಪಣೆ ಬರುವುದು ಹಲವು ಬಾರಿ ಸ್ಥಳೀಯ ನಿವಾಸಿಗಳಿಂದ ಮತ್ತು ವರ್ತಕರಿಂದಲೇ. ಕಳವು, ಕೊಳಕು, ಗಿರಾಕಿಗಳ ಹಿಂಜರಿತ ಎಂಬ ಭಯ ಅದಕ್ಕೆ ಕಾರಣ. ಆದರೆ ಕೇಂದ್ರ ಬಾರದಿದ್ದರೆ ಆ ಜನ ಬೀದಿ ಬಿಟ್ಟು ಹೋಗುವುದಿಲ್ಲ. ಶೌಚಾಲಯವಿಲ್ಲದೆ, ಹೆಸರು ದಾಖಲೆಯಿಲ್ಲದೆ ಅದೇ ಬೀದಿಯಲ್ಲಿ ಉಳಿಯುತ್ತಾರೆ. ನಾವು ಅಂಜುವ ಅವ್ಯವಸ್ಥೆಯನ್ನು ನಮ್ಮ ಆಕ್ಷೇಪಣೆಯೇ ಕಾಯಂಗೊಳಿಸುತ್ತದೆ.

ಆಶ್ರಯದಿಂದ ಬಾಡಿಗೆ ವಸತಿಗೆ

ಆಶ್ರಯ ಕೇಂದ್ರ ಮೊದಲ ಮೆಟ್ಟಿಲು ಮಾತ್ರ. ಬೀದಿಯಿಂದ ನೇರವಾಗಿ ಸ್ವಂತ ಮನೆಗೆ ಏರುವುದು ದಿನಗೂಲಿಯವನಿಗೆ ಅಸಾಧ್ಯ. ನಡುವೆ ಮುಂಗಡದ ಹೊರೆಯಿಲ್ಲದ ಬಾಡಿಗೆ ಹಾಸಿಗೆ ಅಥವಾ ಕೋಣೆ ಬೇಕು. 2020ರ ಜುಲೈನಲ್ಲಿ, ಲಾಕ್‌ಡೌನ್ ಕಾಲದ ಮಹಾವಲಸೆಯ ಬೆನ್ನಲ್ಲೇ, ಕೇಂದ್ರ ಸರಕಾರವು ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯ ಯೋಜನೆಯನ್ನು ಪ್ರಕಟಿಸಿತು. ಖಾಲಿ ಬಿದ್ದ ಸರಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಒಂದು ಮಾದರಿ. ಸಂಸ್ಥೆಗಳು ತಮ್ಮ ಸ್ವಂತ ಖಾಲಿ ಜಾಗದಲ್ಲಿ ಕಟ್ಟಿ 25 ವರ್ಷ ನಡೆಸುವುದು ಇನ್ನೊಂದು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿಯೂ ಬಾಡಿಗೆ ವಸತಿ ಒಂದು ಪ್ರತ್ಯೇಕ ಅಂಗವಾಗಿದ್ದು, ಕೈಗಾರಿಕಾ ಕಾರ್ಮಿಕರು, ದುಡಿಯುವ ಮಹಿಳೆಯರು ಮತ್ತು ವಲಸಿಗರು ಅದರ ಫಲಾನುಭವಿಗಳಲ್ಲಿ ಸೇರಿದ್ದಾರೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳು ಒಂಟಿಯಾಗಿ ಇದಕ್ಕೆ ಕೈಹಾಕುವುದು ಕಷ್ಟ. ಸಂಘದ ಮೂಲಕ ಒಂದುಗೂಡಿದರೆ ಪರಿಶೀಲನೆಗೆ ಯೋಗ್ಯವಾದ ಮಾರ್ಗವಿದು.

ನಮ್ಮ ಸಂಘಗಳು ಮಾಡಬಹುದಾದುದು

ಅ) ತಮ್ಮ ಬೀದಿಯಲ್ಲಿ ಮಲಗುವವರೆಷ್ಟು, ಅವರ ಕೆಲಸವೇನು, ವೇಳೆ ಯಾವುದು ಎಂಬುದನ್ನು ಮಾರುಕಟ್ಟೆ ಸಂಘವೇ ಒಂದು ರಾತ್ರಿ ಎಣಿಸಿ ಪಾಲಿಕೆಗೆ ಒಪ್ಪಿಸಬಹುದು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ವಿಂಗಡಣೆಯಾದ ಕಾರಣ ತಮ್ಮ ವ್ಯಾಪ್ತಿಯ ಪಾಲಿಕೆ ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಆ) ಬಳಕೆಯಲ್ಲಿಲ್ಲದ ಗೋದಾಮು ಅಥವಾ ಮಹಡಿಯನ್ನು ನ್ಯಾಯವಾದ ಬಾಡಿಗೆಗೆ ಕೊಡಬಹುದು.

ಇ) ಬೀಗದ ಪೆಟ್ಟಿಗೆ, ಹೊದಿಕೆ, ನೀರಿನ ತೊಟ್ಟಿಯಂತಹ ಸೌಲಭ್ಯಗಳನ್ನು ಸಂಘದಿಂದ ಒದಗಿಸಬಹುದು. ಕಂಪನಿ ಕಾಯಿದೆ, 2013ರ 135ನೆಯ ಪ್ರಕರಣದ ಸಾಮಾಜಿಕ ಹೊಣೆಗಾರಿಕೆಯ ವೆಚ್ಚ ದೊಡ್ಡ ಕಂಪನಿಗಳಿಗೆ ಮಾತ್ರ ಕಡ್ಡಾಯ. ಬಡತನ ನಿವಾರಣೆ, ಮಹಿಳೆಯರ ನಿಲಯಗಳು ಅದರ ಏಳನೆಯ ಅನುಸೂಚಿಯಲ್ಲಿರುವುದರಿಂದ ಅಂತಹ ಕಂಪನಿಗಳ ನೆರವನ್ನೂ ಕೋರಬಹುದು.

ಈ) ಕೇಂದ್ರದ ನಿರ್ವಹಣಾ ಸಮಿತಿಯಲ್ಲಿ ವರ್ತಕರ ಪ್ರತಿನಿಧಿಯೊಬ್ಬರು ಇರುವಂತೆ ಕೇಳಬಹುದು. ಶುಚಿತ್ವ, ಭದ್ರತೆಗಳ ಬಗೆಗಿನ ನಮ್ಮ ಆತಂಕಗಳನ್ನು ಎತ್ತಲು ಅದು ಸೂಕ್ತ ವೇದಿಕೆ.

ಸರಕು ಇಳಿಸುವ ತಾಣ, ವಾಹನ ನಿಲುಗಡೆ, ಗೋದಾಮು ಇಲ್ಲದ ಮಾರುಕಟ್ಟೆಯನ್ನು ನಾವು ಅಪೂರ್ಣವೆನ್ನುತ್ತೇವೆ. ಸರಕು ಇಳಿಸುವ ಮನುಷ್ಯನಿಗೆ ಮಲಗಲು ತಾವಿಲ್ಲದ ಮಾರುಕಟ್ಟೆಯೂ ಅಷ್ಟೇ ಅಪೂರ್ಣ. ಮುಂದಿನ ಬಾರಿ ಆಶ್ರಯ ಕೇಂದ್ರದ ಪ್ರಸ್ತಾವ ನಮ್ಮ ಬೀದಿಗೆ ಬಂದಾಗ, ಆಕ್ಷೇಪಣಾ ಪತ್ರಕ್ಕೆ ಸಹಿ ಹಾಕುವ ಮುನ್ನ ಸದಸ್ಯರು ಈ ಅಂಶಗಳನ್ನು ಪರ್ಯಾಲೋಚಿಸುವುದು ಒಳಿತು.