ಒಂದು ಗ್ರಾಂ ನೀರಿನ ಪಾಠ

ಬೆಂಗಳೂರಿನ ಹಳಬರು ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಹುಟ್ಟಿತು. ಪಿಯುಸಿ ಮುಗಿಸಿದವರಿಗೆ ಇಲ್ಲಿ ವಿಜ್ಞಾನ ಪದವಿಯ ಬಾಗಿಲು ತೆರೆದದ್ದು ಮಾತ್ರ 2011ರಲ್ಲಿ. ನಾಲ್ಕು ವರ್ಷದ ಕೋರ್ಸು. ಮೊದಲ ಕೆಲವು ಸೆಮಿಸ್ಟರ್ ಎಲ್ಲರೂ ಗಣಿತ, ಭೌತ, ರಸಾಯನ, ಜೀವವಿಜ್ಞಾನ ಓದಬೇಕು. ಕೊನೆಯ ವರ್ಷ ಸಂಶೋಧನಾ ಯೋಜನೆ. ಆ ವರ್ಷಕ್ಕೆ ಕೈ ಹೇಗೆ ಹದಗೊಳ್ಳುತ್ತದೆಂದು ನೋಡುವ ಆಸೆಯಿಂದ, ಗೋಪುರದ ಕಟ್ಟಡವನ್ನೂ ಅದರೆದುರಿನ ಜೆಮ್‌ಷೆಡ್‌ಜಿ ಟಾಟಾ ಪ್ರತಿಮೆಯನ್ನೂ ದಾಟಿ ಮರಗಳ ನೆರಳಲ್ಲಿ ನಡೆದೆ.

ಮೊದಲು ಹೊಕ್ಕಿದ್ದು ಜೀವವಿಜ್ಞಾನದ ಲ್ಯಾಬು. ಕೋಟು ಬೇಕು, ಕಾಲು ಮುಚ್ಚುವ ಶೂ ಬೇಕು. ಮೇಜಿನ ಮೇಲೆ ಮೈಕ್ರೋಪಿಪೆಟ್, ತಕ್ಕಡಿ, ಬೀಕರಿನಲ್ಲಿ ಶುದ್ಧ ನೀರು, ಅಷ್ಟೇ. ಪಿಪೆಟ್ಟನ್ನು 1000 ಮೈಕ್ರೋಲೀಟರಿಗೆ ಹೊಂದಿಸಿ, ನೀರೆಳೆದು, ತಕ್ಕಡಿಯ ಮೇಲಿನ ಪಾತ್ರೆಗೆ ಬಿಡಬೇಕು. ತೂಕ ಹೆಚ್ಚುಕಡಿಮೆ ಒಂದು ಗ್ರಾಂ ಬರಬೇಕು. ಒಮ್ಮೆ ಬಂದರೆ ಸಾಲದು. ಹತ್ತು ಸಲ ಅಳೆದು ಸರಾಸರಿ ತೆಗೆದು, ಅಳತೆಗಳು ಎಷ್ಟು ಚದುರಿವೆ ಎಂದು ಲೆಕ್ಕ ಹಾಕಬೇಕು. ಹೆಬ್ಬೆರಳನ್ನು ಥಟ್ಟನೆ ಸಡಿಲಿಸಿದರೆ ಗಾಳಿ ಸೇರುತ್ತದೆ. ಟಿಪ್ಪನ್ನು ಆಳಕ್ಕೆ ಅದ್ದಿದರೆ ಹೊರಮೈಗೆ ಅಂಟಿದ ಹನಿಯೂ ಜೊತೆಗೆ ಬರುತ್ತದೆ. ಇದೇ ಕೈ ಮುಂದೆ ಎರಡು ಮೈಕ್ರೋಲೀಟರ್ ಕಿಣ್ವ ಅಳೆಯಬೇಕಲ್ಲ! ಅಲ್ಲಿ ಅರ್ಧ ಮೈಕ್ರೋಲೀಟರ್ ಹೆಚ್ಚುಕಡಿಮೆಯಾದರೆ ಕಾಲುಭಾಗವೇ ತಪ್ಪಿದಂತೆ.

ಒಬ್ಬ ಹುಡುಗಿಗೆ ಆರನೇ ಸಲ 0.962 ಬಂತು. ಉಳಿದವೆಲ್ಲ ಒಂದರ ಆಸುಪಾಸು. ಅವಳ ಪೆನ್ನು ಆ ಸಂಖ್ಯೆಯನ್ನು ಹೊಡೆದುಹಾಕಲು ಹೊರಟಿತ್ತು. “ಬೇಡಮ್ಮ, ಬಂದದ್ದು ಬಂದ ಹಾಗೇ ಇರಲಿ. ಏನಾಯ್ತು ಅಂತ ಪಕ್ಕದಲ್ಲಿ ಬರಿ” ಎಂದರು ಮೇಡಂ. ಅವಳು ಯೋಚಿಸಿ, ‘ಟಿಪ್ ಸಡಿಲವಾಗಿತ್ತು’ ಎಂದು ಬರೆದಳು. ಹೊಲಿದ ಪುಸ್ತಕ, ಪುಟಸಂಖ್ಯೆ, ದಿನಾಂಕ, ಶಾಯಿ. ಹಾಳೆ ಹರಿಯುವಂತಿಲ್ಲ. ನಾನು ಅಲ್ಲಿ ನೋಡಿದ್ದರಲ್ಲಿ ಅತಿ ಬೆಲೆಬಾಳುವ ಉಪಕರಣ ಆ ಪುಸ್ತಕವೇ.

ನಮ್ಮ ಎಷ್ಟೋ ಪದವಿ ಕಾಲೇಜುಗಳಲ್ಲಿ ಪ್ರಾಕ್ಟಿಕಲ್ಸ್ ನಡೆಯುವ ಬಗೆ ನೆನಪಾಯಿತು. ಲೋಲಕದ ಪ್ರಯೋಗದ ಉತ್ತರ 9.8 ಎಂದು ಮೊದಲೇ ಗೊತ್ತು. ಅದು ಬರುವ ಹಾಗೆ ರೀಡಿಂಗ್ ಹೊಂದಿಸಿದರೆ ಅಂಕ. ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ 9.78ರ ಆಸುಪಾಸು ಎಂದು ತಿಳಿಯುವ ಅವಕಾಶವೂ ಆ ಹೊಂದಾಣಿಕೆಯಲ್ಲಿ ಕಳೆದುಹೋಗುತ್ತದೆ. ಇದಕ್ಕೆ ಮಕ್ಕಳನ್ನು ದೂರಲಾರೆ. ಉತ್ತರಕ್ಕಷ್ಟೇ ಅಂಕ ಕೊಟ್ಟರೆ ಅವರು ಉತ್ತರವನ್ನೇ ತಂದುಕೊಡುತ್ತಾರೆ. ಸಂಶೋಧನೆಯ ಲ್ಯಾಬಿನಲ್ಲಿ ಮಾತ್ರ ಉತ್ತರ ಯಾರಿಗೂ ಗೊತ್ತಿರುವುದಿಲ್ಲ, ಹೊಂದಿಸಲು ಏನೂ ಇಲ್ಲ.

ಇನ್ನೊಂದು ಕಟ್ಟಡದಲ್ಲಿ ಕೊನೆಯ ವರ್ಷದ ಹುಡುಗನೊಬ್ಬ ಜೆಲ್‌ನ ಚಿತ್ರ ನೋಡುತ್ತ ಕೂತಿದ್ದ. ಡಿಎನ್‌ಎ ಪಟ್ಟಿ ಕಾಣಬೇಕಾದ ಜಾಗ ಖಾಲಿ. ಬೇಸರವಾಗಲಿಲ್ಲವೇ ಎಂದೆ. “ಆಗತ್ತೆ ಸರ್. ಆದ್ರೆ ಕಂಟ್ರೋಲ್ ನೋಡಿ” ಎಂದು ಪಕ್ಕದ ಸಾಲು ತೋರಿಸಿದ. ಖಂಡಿತ ಫಲಿತಾಂಶ ಕೊಡಬೇಕಾದ ಮಾದರಿಯೊಂದನ್ನೂ ಅವನು ಜೊತೆಗೇ ಓಡಿಸಿದ್ದ. ಅಲ್ಲಿ ಪಟ್ಟಿ ಸ್ಪಷ್ಟವಾಗಿ ಮೂಡಿತ್ತು. ಹಾಗಾದರೆ ರಾಸಾಯನಿಕ, ಯಂತ್ರ ಎರಡೂ ಸರಿ ಇವೆ. ದೋಷವಿದ್ದರೆ ಅವನ ಮಾದರಿಯಲ್ಲಿರಬೇಕು. ಕಂಟ್ರೋಲ್ ಸಾಲೂ ಖಾಲಿಯಿದ್ದಿದ್ದರೆ ಹುಡುಕಾಟ ಬೇರೆ ದಿಕ್ಕಿಗೆ ಹೋಗುತ್ತಿತ್ತು. ಸೋತ ಪ್ರಯೋಗದಿಂದ ಮುಂದಿನ ಹೆಜ್ಜೆ ಹುಡುಕುವ ಈ ಪಳಗಿಕೆಗೆ ಒಂದು ಸೆಮಿಸ್ಟರ್ ಸಾಲುವುದಿಲ್ಲ.

ಈ ಕ್ಯಾಂಪಸ್ಸಿಗೆ ಪದವಿಗೆ ಬರುವವರು ಕೆಲವೇ ಮಂದಿ. ಉಳಿದವರಿಗೆ ದಾರಿ ಹತ್ತಿರದ ಸದಾಶಿವನಗರದಲ್ಲಿದೆ. ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆಗೂಡಿ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಆಯ್ಕೆಯಾದವರು ಎರಡು ತಿಂಗಳು ವಿಜ್ಞಾನಿಯೊಬ್ಬರ ಲ್ಯಾಬಿನಲ್ಲಿ ಕೆಲಸ ಮಾಡಬಹುದು. ಅರ್ಜಿಯೊಂದಿಗೆ ಅಧ್ಯಾಪಕರ ಶಿಫಾರಸು ಬೇಕು. ಚಳ್ಳಕೆರೆಯಲ್ಲೋ ಸಿಂಧನೂರಿನಲ್ಲೋ ಪಾಠ ಮಾಡುವ ಮೇಷ್ಟ್ರು ಈ ವರ್ಷ ಒಬ್ಬ ವಿದ್ಯಾರ್ಥಿಯನ್ನಾದರೂ ಕರೆದು, ಅರ್ಜಿ ತುಂಬಿಸಿ, ಆ ಪತ್ರ ಬರೆದುಕೊಡಲಿ.