ನಾಯಿಯ ಮೈಮಾತು

"ತಪ್ಪು ಮಾಡಿದ್ದೀನಿ ಅಂತ ಅದಕ್ಕೇ ಗೊತ್ತು, ಮುಖ ನೋಡಿ ಹೇಗಿದೆ!" ನಾಯಿ ಸಾಕಿದ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಚಪ್ಪಲಿ ಚಿಂದಿಯಾಗಿದೆ, ದಿಂಬಿನ ಹತ್ತಿ ಕೋಣೆ ತುಂಬ ಹರಡಿದೆ. ಮನೆಯವರು ಬಾಗಿಲು ತೆರೆದ ಕೂಡಲೇ ನಾಯಿ ಕಿವಿ ಹಿಂದಕ್ಕೆ ಮಡಚಿ, ಬಾಲವನ್ನು ಕಾಲ ಸಂದಿಗೆ ಸೇರಿಸಿ, ತಲೆ ತಗ್ಗಿಸಿ ಓರೆಗಣ್ಣಿನಿಂದ ನೋಡುತ್ತದೆ. ಪಶ್ಚಾತ್ತಾಪವೆಂದರೆ ಇದೇ ಎಂದು ನಮಗೆ ಅನಿಸಿಬಿಡುತ್ತದೆ.

ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಈ ಅನಿಸಿಕೆಯನ್ನು ಪರೀಕ್ಷೆಗೆ ಒಡ್ಡಿದರು. 2009ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 14 ಸಾಕುನಾಯಿಗಳಿದ್ದವು. ಸಾಕಿದವರು ಒಂದು ತಿನಿಸನ್ನು ತೋರಿಸಿ "ತಿನ್ನಬೇಡ" ಎಂದು ಹೇಳಿ ಕೋಣೆಯಿಂದ ಹೊರಗೆ ಹೋಗಬೇಕು. ಅವರಿಲ್ಲದಾಗ ಸಂಶೋಧಕಿ ಕೆಲವೊಮ್ಮೆ ತಿನಿಸನ್ನು ತಾವೇ ನಾಯಿಗೆ ಕೊಟ್ಟರು, ಕೆಲವೊಮ್ಮೆ ತೆಗೆದಿಟ್ಟರು. ಒಳಗೆ ಬಂದವರಿಗೆ ಕೊಟ್ಟ ವರದಿ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು. ತಿಂದಿದೆ ಎಂದು ಕೇಳಿದವರು ಗದರಿದರು, ತಿಂದಿಲ್ಲ ಎಂದು ಕೇಳಿದವರು ಮುದ್ದು ಮಾಡಿದರು. ನಾಯಿ ನಿಜವಾಗಿ ತಿಂದಿತ್ತೇ ಎಂಬುದಕ್ಕೂ ಆ 'ತಪ್ಪಿತಸ್ಥ ಮುಖ'ಕ್ಕೂ ನಂಟೇ ಕಾಣಲಿಲ್ಲ. ಮುಖ ಬಾಡಿದ್ದು ಗದರಿದಾಗ. ಏನೂ ತಿನ್ನದೆ ಬೈಗುಳ ತಿಂದ ನಾಯಿಗಳಲ್ಲಿ ಅದು ಇನ್ನೂ ಎದ್ದು ಕಂಡಿತು.

ಅಂದರೆ ನಾವು ಪಶ್ಚಾತ್ತಾಪ ಎಂದುಕೊಂಡದ್ದು ಅಂಜಿಕೆ. ಎದುರಿಗಿರುವವರ ಸಿಟ್ಟನ್ನು ಇಳಿಸಲು ನಾಯಿ ಮೈ ಕುಗ್ಗಿಸಿ, ನೋಟ ತಪ್ಪಿಸಿ ಬೇಡಿಕೊಳ್ಳುತ್ತಿರುತ್ತದೆ. ಮಧ್ಯಾಹ್ನ ಹರಿದ ಚಪ್ಪಲಿಯನ್ನೂ ಸಂಜೆಯ ಬೈಗುಳವನ್ನೂ ಅದು ಜೋಡಿಸಿಕೊಳ್ಳುವುದಿಲ್ಲ. ಶಿಕ್ಷೆಯೋ ಬಹುಮಾನವೋ, ಮಾಡಿದ ಕ್ಷಣದಲ್ಲೇ ಸಿಕ್ಕರೆ ಮಾತ್ರ ನಾಯಿಗೆ ಅದರ ಅರ್ಥ ಹತ್ತುತ್ತದೆ. ತಡವಾಗಿ ಬೈದರೆ ಅದು ಕಲಿಯುವ ಪಾಠ ಒಂದೇ: ಮನೆಯವರು ಬಾಗಿಲು ತೆಗೆಯುವ ಹೊತ್ತು ಭಯದ ಹೊತ್ತು. ಮರುದಿನ ಬೈಯುವ ಮೊದಲೇ ಅದು ಕುಗ್ಗುತ್ತದೆ. ನಾವು ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡು ಇನ್ನಷ್ಟು ಬೈಯುತ್ತೇವೆ.

ಇಲ್ಲಿ ನಮ್ಮ ದನಿ, ಹುಬ್ಬು, ಹೆಜ್ಜೆಯ ಬಿರುಸು ಎಲ್ಲವನ್ನೂ ನಾಯಿ ಸರಿಯಾಗಿ ಓದಿತು. ತಪ್ಪಾಗಿ ಓದಿದವರು ನಾವು. ನಾಯಿಯೊಂದಿಗಿನ ಬಾಳಿನ ತೊಡಕುಗಳಲ್ಲಿ ಹೆಚ್ಚಿನವು ಶುರುವಾಗುವುದು ಈ ಅಸಮಾನ ಓದಿನಿಂದಲೇ.

ನಮ್ಮನ್ನು ಓದುವ ಜೀವ

ಬೂದು ತೋಳಗಳ ಪುರಾತನ ಕುಲವೊಂದು ಮನುಷ್ಯರ ಜೊತೆಗೂಡಿ ನಾಯಿಯಾಗಿ ಕನಿಷ್ಠ 15,000 ವರ್ಷಗಳಾಗಿವೆ. ಆಗ ಬೇಸಾಯ ಇನ್ನೂ ಶುರುವಾಗಿರಲಿಲ್ಲ, ಹಸು ಕುರಿಗಳನ್ನು ನಾವು ಪಳಗಿಸಿರಲಿಲ್ಲ. 1914ರಲ್ಲಿ ಜರ್ಮನಿಯ ಬಾನ್ ಬಳಿಯ ಓಬರ್‌ಕಾಸೆಲ್‌ನ ಕಲ್ಲುಗಣಿಯೊಂದರಲ್ಲಿ ಸುಮಾರು 14,000 ವರ್ಷ ಹಳೆಯ ಸಮಾಧಿ ಸಿಕ್ಕಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ಎಳೆಯ ನಾಯಿ. ಆ ನಾಯಿಯ ಹಲ್ಲುಗಳ ಮೇಲಿನ ಗುರುತುಗಳನ್ನು ಇತ್ತೀಚೆಗೆ ಪರಿಶೀಲಿಸಿದ ಸಂಶೋಧಕರು, ಅದು ಮರಿಯಾಗಿದ್ದಾಗ ಡಿಸ್ಟೆಂಪರ್ ಕಾಯಿಲೆಯಿಂದ ವಾರಗಟ್ಟಲೆ ನರಳಿರಬೇಕು ಎಂದು ಗುರುತಿಸಿದರು. ಯಾರೋ ನೀರು ಕುಡಿಸಿ, ಬೆಚ್ಚಗಿಟ್ಟು ಆರೈಕೆ ಮಾಡದಿದ್ದರೆ ಅಷ್ಟು ದಿನ ಅದು ಬದುಕುತ್ತಿರಲಿಲ್ಲ. ಬೇಟೆಗೂ ಕಾವಲಿಗೂ ಒದಗದ ರೋಗಿ ಮರಿಯನ್ನು ಹಿಮಯುಗದ ಜನ ಸಲಹಿದ್ದರು.

ಈ ದೀರ್ಘ ಒಡನಾಟ ನಾಯಿಯ ಸ್ವಭಾವವನ್ನೇ ತಿದ್ದಿತು. ಬುಡಾಪೆಸ್ಟಿನ ಆಡಮ್ ಮಿಕ್ಲೋಶಿ ಮತ್ತು ಸಂಗಡಿಗರು 2003ರಲ್ಲಿ ನಾಯಿಗಳನ್ನೂ, ಮನುಷ್ಯರೇ ಕೈತುತ್ತು ಕೊಟ್ಟು ಬೆಳೆಸಿದ ತೋಳಗಳನ್ನೂ ಒಂದೇ ಪರೀಕ್ಷೆಗೆ ಒಡ್ಡಿದರು. ತಿನಿಸನ್ನು ಪಡೆಯುವ ಉಪಾಯ ಮೊದಲು ಕೈಗೂಡುವಂತಿತ್ತು, ಆಮೇಲೆ ಏನು ಮಾಡಿದರೂ ಆಗದಂತೆ ಬಿಗಿಯಲಾಯಿತು. ತೋಳಗಳು ತಮ್ಮಷ್ಟಕ್ಕೆ ಗುದ್ದಾಡಿದವು. ನಾಯಿಗಳು ಬೇಗನೆ ಹಿಂದಿರುಗಿ ಮನುಷ್ಯನ ಮುಖ ನೋಡಿದವು. ಕಷ್ಟದಲ್ಲಿ ನಮ್ಮ ಮುಖದತ್ತ ತಿರುಗುವುದು ಸಾಕಣೆಯಿಂದಷ್ಟೇ ಬಂದದ್ದಲ್ಲ, ಅದು ನಾಯಿಯ ಹುಟ್ಟಿನಲ್ಲೇ ಬೆರೆತಿದೆ.

ಇದಕ್ಕೆ ನಮ್ಮ ದೇಶದ ಬೀದಿಗಳಿಂದಲೂ ಸಾಕ್ಷ್ಯ ಸಿಕ್ಕಿದೆ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳ ಎದುರು ಎರಡು ಬಟ್ಟಲುಗಳನ್ನಿಟ್ಟು ಒಂದರತ್ತ ಬೆರಳು ತೋರಿಸಿತು. ಎಷ್ಟೋ ನಾಯಿಗಳು ಅಂಜಿ ಹತ್ತಿರ ಬರಲಿಲ್ಲ. ಆದರೆ ಬಂದವುಗಳಲ್ಲಿ ಹೆಚ್ಚಿನವು ಬೆರಳು ತೋರಿದ ಬಟ್ಟಲಿಗೇ ಹೋದವು. ಯಾರೂ ತರಬೇತಿ ಕೊಡದ, ಯಾರ ಮನೆಯದ್ದೂ ಅಲ್ಲದ ನಾಯಿಗಳಿವು. ಇದೇ ತಂಡದ ಮತ್ತೊಂದು ಅಧ್ಯಯನದಲ್ಲಿ, ಅಪರಿಚಿತರ ಮೇಲೆ ಬೀದಿನಾಯಿಗೆ ನಂಬಿಕೆ ಹುಟ್ಟಿಸಲು ತಿನಿಸಿಗಿಂತ ಮೈದಡವುವುದೇ ಹೆಚ್ಚು ನೆರವಾಯಿತು.

ನಾಯಿಯ ಮುಖದ ಸ್ನಾಯುಗಳೂ ಬದಲಾಗಿವೆ. ಒಳಹುಬ್ಬನ್ನು ಮೇಲೆತ್ತುವ ಸ್ನಾಯುವೊಂದು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಅದು ಇಲ್ಲವೆನ್ನುವಷ್ಟು ತೆಳು ಎಂದು ಬ್ರಿಟನ್ನಿನ ಜೂಲಿಯಾನೆ ಕಾಮಿನ್‌ಸ್ಕಿ ಮತ್ತು ಸಹೋದ್ಯೋಗಿಗಳು 2019ರಲ್ಲಿ ತೋರಿಸಿದರು. ಹುಬ್ಬೆತ್ತಿದಾಗ ಕಣ್ಣು ದೊಡ್ಡದಾಗಿ, ಎಳೆಮಗುವಿನ ಕಣ್ಣಿನಂತೆ ಕಂಡು ನಮ್ಮ ಮನ ಕರಗುತ್ತದೆ. 2015ರಲ್ಲಿ ಜಪಾನಿನ ಸಂಶೋಧಕರು ಕಂಡ ಸಂಗತಿ ಇನ್ನೂ ಆಪ್ತವಾದದ್ದು. ನಾಯಿ ಮತ್ತು ಸಾಕಿದವರು ಒಬ್ಬರನ್ನೊಬ್ಬರು ದೀರ್ಘವಾಗಿ ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ. ತಾಯಿ ಮಗುವಿನ ನಂಟನ್ನು ಬಿಗಿಯುವ ಹಾರ್ಮೋನು ಅದು. ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ.

ನಾವು ಕಲಿಯಬೇಕಾದ ಲಿಪಿ

ಇಷ್ಟು ದೂರ ಬಂದಿರುವ ಜೀವದ ಕಡೆಗೆ ನಾವು ಒಂದಷ್ಟಾದರೂ ನಡೆಯಬೇಕು. ಬಾಲದಿಂದಲೇ ಶುರುಮಾಡೋಣ. ಬಾಲ ಅಲ್ಲಾಡಿಸಿದರೆ ಖುಷಿ ಎಂದು ಮಕ್ಕಳಿಗೂ ಹೇಳಿಕೊಡುತ್ತೇವೆ. ನಿಜವಾಗಿ ಬಾಲ ಹೇಳುವುದು ನಾಯಿಯ ಮನಸ್ಸು ಕೆರಳಿದೆ ಎಂಬುದನ್ನಷ್ಟೇ. ಆ ಕೆರಳಿಕೆ ಎಂಥದ್ದು ಎಂದು ತಿಳಿಯಲು ಇಡೀ ಮೈಯನ್ನು ನೋಡಬೇಕು. ಸೊಂಟದ ಸಮೇತ ಸಡಿಲವಾಗಿ ಬೀಸುವ ಬಾಲ, ಮೆದುವಾದ ಕಣ್ಣು, ಅರೆತೆರೆದ ಬಾಯಿ ಇದ್ದರೆ ಸ್ನೇಹ. ಬಾಲ ನೆಟ್ಟಗೆ ನಿಂತು ತುದಿಯಷ್ಟೇ ಬಿರುಸಾಗಿ ಕಂಪಿಸುತ್ತಿದ್ದು, ಮೈ ಬಿಗಿದು ಬಾಯಿ ಮುಚ್ಚಿದ್ದರೆ ದೂರ ಇರಿ ಎಂದರ್ಥ. ಇಟಲಿಯ ಸಂಶೋಧಕರು 2007ರಲ್ಲಿ ಇನ್ನೂ ಸೂಕ್ಷ್ಮವಾದುದನ್ನು ಕಂಡರು. ಸಾಕಿದವರನ್ನು ನೋಡಿದಾಗ ಬಾಲ ನಾಯಿಯ ಬಲಬದಿಗೆ ಹೆಚ್ಚು ಬೀಸುತ್ತದೆ, ದರ್ಪದ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ಮಿದುಳಿನ ಎರಡು ಅರೆಗೋಳಗಳು ಬೇರೆ ಬೇರೆ ಭಾವಗಳನ್ನು ನಿರ್ವಹಿಸುವುದರ ಕುರುಹು ಇದು.

ಆಕಳಿಕೆಯೂ ಹಾಗೆಯೇ. ನಿದ್ದೆಯ ಹೊತ್ತಲ್ಲದ ಹೊತ್ತಿನಲ್ಲಿ ನಾಯಿ ಆಕಳಿಸಿದರೆ, ತಿಂಡಿಯಿಲ್ಲದೆ ಮೂಗು ನೆಕ್ಕಿಕೊಂಡರೆ, ಮುಖ ಪಕ್ಕಕ್ಕೆ ತಿರುಗಿಸಿದರೆ, ಒದ್ದೆಯಾಗದ ಮೈಯನ್ನು ಕೊಡವಿದರೆ, ಕಣ್ಣಿನ ಬಿಳಿಭಾಗ ಚಂದ್ರಾಕಾರವಾಗಿ ಕಂಡರೆ ಅದಕ್ಕೆ ಮುಜುಗರವಾಗುತ್ತಿದೆ ಎಂದು ತಿಳಿಯಬೇಕು. ನಾರ್ವೆಯ ತರಬೇತುದಾರ್ತಿ ತೂರಿದ್ ರೂಗಾಸ್ ಇಂಥ ಸನ್ನೆಗಳನ್ನು ಪಟ್ಟಿಮಾಡಿ ಜನಪ್ರಿಯಗೊಳಿಸಿದರು. ಮಗು ನಾಯಿಯ ಕುತ್ತಿಗೆಗೆ ಜೋತುಬಿದ್ದ ಫೋಟೋಗಳನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿ. ಎಷ್ಟೋ ಫೋಟೋಗಳಲ್ಲಿ ನಗುತ್ತಿರುವುದು ಮಗು ಮಾತ್ರ. ತೋಳಿನಿಂದ ಬಿಗಿದಪ್ಪುವುದು ನಮಗೆ ಪ್ರೀತಿ, ಹಲವು ನಾಯಿಗಳಿಗೆ ಅದು ತಪ್ಪಿಸಿಕೊಳ್ಳಲಾಗದ ಹಿಡಿತ.

ಸನ್ನೆಗಳನ್ನು ಯಾರೂ ಗಮನಿಸದಿದ್ದಾಗ ನಾಯಿ ಗುರುಗುಟ್ಟುತ್ತದೆ. ಹೆಚ್ಚಿನವರು ದೊಡ್ಡ ತಪ್ಪು ಮಾಡುವುದು ಇಲ್ಲೇ. ಗುರ್ ಎಂದ ಕೂಡಲೇ ಹೊಡೆಯುತ್ತಾರೆ. ಕುಕ್ಕರು ಕೂಗಿತೆಂದು ಅದರ ಬಾಯಿ ಕಟ್ಟಿದರೆ ಕೆಳಗಿನ ಉರಿ ಆರುವುದಿಲ್ಲ. ಹೊಡೆತ ತಿಂದ ನಾಯಿಯ ಭಯ ಹಾಗೇ ಉಳಿಯುತ್ತದೆ, ಎಚ್ಚರಿಕೆ ಮಾತ್ರ ಮಾಯವಾಗುತ್ತದೆ. "ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಕಚ್ಚಿತು" ಎನ್ನುವ ಕತೆಗಳ ಹಿಂದೆ ಹೀಗೆ ಬಾಯಿ ಕಟ್ಟಿಸಿಕೊಂಡ ನಾಯಿಗಳು ಎಷ್ಟೋ. ಗುರುಗುಟ್ಟಿದರೆ ಕೈ ಹಿಂದೆಗೆಯಿರಿ, ಮಗುವನ್ನು ದೂರ ಕರೆಯಿರಿ, ಯಾವುದು ಅದಕ್ಕೆ ಹಿಂಸೆಯಾಯಿತು ಎಂದು ಹುಡುಕಿ. ಶಾಂತ ನಾಯಿ ಹಠಾತ್ತನೆ ಸಿಡುಕತೊಡಗಿದರೆ ಕಿವಿಸೋಂಕು, ಹಲ್ಲುನೋವು, ಕೀಲುನೋವು ಇರಬಹುದು. ಪಶುವೈದ್ಯರ ಬಳಿ ಹೋಗಬೇಕು. ಕಚ್ಚಿಯೇಬಿಟ್ಟರೆ, ಅದು ಮನೆಯ ನಾಯಿಯೇ ಆಗಿರಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಂಡು ರೇಬೀಸ್ ಲಸಿಕೆಯ ವಿಚಾರ ಕೇಳಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಅಸಾಧ್ಯವೆನ್ನುವಷ್ಟು ಅಪರೂಪ.

ಯಜಮಾನಿಕೆಯ ಹುಸಿ ಪಾಠ

ಹೊಡೆತವನ್ನು ಸಮರ್ಥಿಸುವವರು ತೋಳಗಳ ಕಡೆ ಬೆರಳು ತೋರುತ್ತಾರೆ. ಹಿಂಡಿಗೊಂದು ನಾಯಕ ತೋಳ ಇರುತ್ತದೆ, ಮನೆಯಲ್ಲಿ ಆ ಸ್ಥಾನ ನಿಮ್ಮದಾಗಬೇಕು, ನಾಯಿಯನ್ನು ಅಂಗಾತ ಕೆಡವಿ ಒತ್ತಿಹಿಡಿಯಿರಿ ಎಂಬ ಉಪದೇಶ ಇಂದಿಗೂ ಚಾಲ್ತಿಯಲ್ಲಿದೆ. ಇದರ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಬರೆದ ವರದಿಯಲ್ಲಿದೆ. ಅವರು ನೋಡಿದ್ದು ಮೃಗಾಲಯದ ಆವರಣದಲ್ಲಿ ಕೂಡಿಹಾಕಿದ ತೋಳಗಳನ್ನು. ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ಕಲ್ಪನೆಯನ್ನು ಹರಡಿದರು. ಆಮೇಲೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಅವರೇ 1999ರಲ್ಲಿ ಅದನ್ನು ತಿದ್ದಿದರು. ಕಾಡಿನಲ್ಲಿ ಹಿಂಡು ಎಂದರೆ ಸಾಮಾನ್ಯವಾಗಿ ಒಂದು ಕುಟುಂಬ. ತಂದೆ, ತಾಯಿ, ಮಕ್ಕಳು. ಅಲ್ಲಿ ಮುಂದಾಳುತನ ಹೆತ್ತವರದು, ಗೆದ್ದವರದಲ್ಲ.

ಪೋರ್ಚುಗಲ್ಲಿನ ಸಂಶೋಧಕರು 2020ರಲ್ಲಿ 92 ಸಾಕುನಾಯಿಗಳನ್ನು ಅವುಗಳ ತರಬೇತಿ ಶಾಲೆಗಳಲ್ಲಿ ಪರೀಕ್ಷಿಸಿದರು. ಗದರಿಕೆ, ಜಗ್ಗಾಟಗಳಿಂದ ಕಲಿಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ವರ್ತನೆಗಳೂ, ತರಬೇತಿಯ ಬಳಿಕ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನೂ ಹೆಚ್ಚಿದ್ದವು. ಬಹುಮಾನ ಕೊಟ್ಟು ಕಲಿಸಿದ ನಾಯಿಗಳು ನಿರಾಳವಾಗಿದ್ದವು. ಒಳ್ಳೆಯ ನಡತೆ ಕಂಡ ಕ್ಷಣದಲ್ಲೇ ಒಂದು ಚೂರು ತಿನಿಸು, ಒಂದು ಮೆಚ್ಚುಗೆಯ ದನಿ: ನಾಯಿ ಮನಸ್ಸಿಟ್ಟು ಕಲಿಯುವುದು ಹೀಗೆ.

ಮೂಗು, ಕಿವಿ ಮತ್ತು ಕೆಲಸ

ನಾಯಿಯನ್ನು ಅರಿಯಲು ಅದರ ಇಂದ್ರಿಯಗಳನ್ನೂ ಅರಿಯಬೇಕು. ಅದರ ಕಣ್ಣಿಗೆ ನೀಲಿ, ಹಳದಿ ಬೇರೆಬೇರೆಯಾಗಿ ಕಾಣುತ್ತವೆ, ಕೆಂಪು ಹಸಿರುಗಳ ಭೇದ ತಿಳಿಯದು. ಹುಲ್ಲಿನ ಮೇಲೆ ಎಸೆದ ಕೆಂಪು ಚೆಂಡನ್ನು ಅದು ಮೂಸಿ ಹುಡುಕುವುದು ಅದಕ್ಕೇ. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ಗೆ ಸೋತರೆ ನಾಯಿಯದು 45,000 ಹರ್ಟ್ಸ್‌ವರೆಗೂ ಕೇಳುತ್ತದೆ. ದೀಪಾವಳಿಯ ಪಟಾಕಿ ಅದಕ್ಕೆ ಕಾರಣ ತಿಳಿಯದ ಸ್ಫೋಟ. ಆ ರಾತ್ರಿ ಕಿಟಕಿ ಮುಚ್ಚಿ, ಒಳಕೋಣೆಯಲ್ಲಿ ಹಾಸಿಗೆ ಹಾಕಿ, ಜೊತೆಗೆ ಕೂತು ಮೈದಡವಿ. ಸಮಾಧಾನ ಮಾಡಿದರೆ ಭಯ ಅಭ್ಯಾಸವಾಗುತ್ತದೆ ಎಂಬ ಮಾತು ನಿಜವಲ್ಲ. ಭಯ ಬಹುಮಾನದ ಆಸೆಗೆ ಹುಟ್ಟುವಂಥದ್ದಲ್ಲ.

ಮೂಗಂತೂ ನಾಯಿಯ ಮುಖ್ಯ ಇಂದ್ರಿಯ. ಕಂಬದ ಬುಡ ಮೂಸಿದರೆ ಅಲ್ಲಿ ಹಾದುಹೋದ ನಾಯಿ ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ ಎಂಬುದೆಲ್ಲ ಅದಕ್ಕೆ ತಿಳಿಯುತ್ತದೆ. ವಾಕಿಂಗ್ ಹೊತ್ತಿನಲ್ಲಿ ಪ್ರತಿ ಕಂಬಕ್ಕೂ ಹಗ್ಗ ಜಗ್ಗುವವರು ಅದರ ದಿನದ ಬಹುಮುಖ್ಯ ಸುಖವನ್ನೇ ಕಿತ್ತುಕೊಳ್ಳುತ್ತಾರೆ. ನಡೆಯುವ ದೂರ ಕಡಿಮೆಯಾದರೂ ಸರಿ, ಮೂಸಲು ಬಿಡಿ.

ಮೂಗಿಗೂ ಕಾಲಿಗೂ ಹಿಂದೆ ಕೆಲಸವಿತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ನಡುಭಾಗದ ವೀರಗಲ್ಲು ಅಂಥ ಒಂದು ನಾಯಿಯನ್ನು ಹೆಸರಿಟ್ಟು ನೆನೆಯುತ್ತದೆ. ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಿತು, ಎರಡೂ ಸತ್ತವು, ಕಾಳಿಗಾಗಿ ಕಲ್ಲು ನಿಂತಿತು. ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಎತ್ತರದ ಕಾಲು, ಆಳವಾದ ಎದೆ, ತೆಳುವಾದ ಸೊಂಟ ಎಲ್ಲವೂ ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಬಯಲಿನಲ್ಲಿ ಓಡಲೆಂದೇ ರೂಪುಗೊಂಡವು.

ಇಂದು ಅಪಾರ್ಟ್‌ಮೆಂಟಿನ ನಾಯಿಗೆ ಅಂಥ ಕೆಲಸವಿಲ್ಲ, ದಿನದ ಬಹುಪಾಲು ಜೊತೆಯೂ ಇಲ್ಲ. ಬೆಳಗ್ಗೆ ಎಂಟಕ್ಕೆ ಬೀಗ ಬಿದ್ದರೆ ಸಂಜೆಯವರೆಗೆ ಅದು ಒಂಟಿ. ಆಗ ಅದು ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ, ಮನೆಯವರ ವಾಸನೆ ಗಾಢವಾಗಿರುವ ಚಪ್ಪಲಿಯನ್ನೇ ಹುಡುಕಿ ಕಚ್ಚುತ್ತದೆ. ಇದರಲ್ಲಿ ಸೇಡಿಲ್ಲ. ಬೇಸರವಿದೆ, ಕೆಲವು ನಾಯಿಗಳಲ್ಲಿ ತೀವ್ರ ಆತಂಕವಿದೆ. ಒಂಟಿಯಾಗಿರುವುದನ್ನು ಮರಿಯಿದ್ದಾಗಿನಿಂದ ನಿಮಿಷ ನಿಮಿಷ ಹೆಚ್ಚಿಸುತ್ತಾ ಅಭ್ಯಾಸ ಮಾಡಿಸಬೇಕು. ಹೊರಡುವ ಮುನ್ನ ಚೆನ್ನಾಗಿ ಓಡಾಡಿಸಿ, ಊಟದ ಒಂದು ಪಾಲನ್ನು ಮನೆಯ ಮೂಲೆಗಳಲ್ಲಿ ಅಡಗಿಸಿಟ್ಟರೆ ಮೂಗಿಗೆ ಕೆಲಸ ಸಿಗುತ್ತದೆ. ಮಧ್ಯಾಹ್ನ ಯಾರಾದರೂ ಬಂದು ಹೋಗುವ ಏರ್ಪಾಟಾದರೆ ಇನ್ನೂ ಒಳ್ಳೆಯದು.

ಇಷ್ಟು ಹೊತ್ತು ಕೊಡಲು ಆಗದವರು ನಾಯಿ ತರಬಾರದು. ಇದು ಕಟುವೆನಿಸಿದರೂ ನಾಯಿಯ ಪರವಾದ ಮಾತು. ತರುವವರು ತಳಿಯ ಹೆಸರು, ಬಣ್ಣ, ಬೆಲೆಗಳನ್ನು ನೆಚ್ಚಿ ತರಬಾರದು. 18,000ಕ್ಕೂ ಹೆಚ್ಚು ನಾಯಿಗಳ ವಿವರ ಕಲೆಹಾಕಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ನಾಯಿ ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ಶೇಕಡ 9ರಷ್ಟು ಮಾತ್ರ. ಉಳಿದದ್ದರಲ್ಲಿ ಆ ನಾಯಿಯ ಹುಟ್ಟುಗುಣವಿದೆ, ಅದು ಕಂಡ ಬದುಕಿದೆ. ಮೂರರಿಂದ ಹನ್ನೆರಡು ವಾರಗಳ ಎಳೆವಯಸ್ಸಿನಲ್ಲಿ ಮರಿ ನೋಡಿದ ಮುಖಗಳು, ಕೇಳಿದ ಸದ್ದುಗಳು, ಸಿಕ್ಕ ಮೃದು ಸ್ಪರ್ಶ ಅದರ ಇಡೀ ಬಾಳಿನ ಧೈರ್ಯವನ್ನು ಕಟ್ಟುತ್ತವೆ. ನಮ್ಮ ಓಣಿಯ ಮರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಲಸಿಕೆ ಹಾಕಿಸಿ, ಊಟವಿಟ್ಟು, ಕಲ್ಲೆಸೆಯದೆ ಬೆಳೆಸಿದರೆ ಅದು ಯಾವ ದುಬಾರಿ ತಳಿಗೂ ಕಡಿಮೆಯಿಲ್ಲದ ಸಂಗಾತಿಯಾಗುತ್ತದೆ. ಅದರ ಮೈಮಾತು ಕಲಿಯಲು ದುಡ್ಡು ಬೇಡ, ಪದವಿ ಬೇಡ. ದಿನಕ್ಕೆ ಹತ್ತು ನಿಮಿಷ ಆಜ್ಞೆ ಕೊಡುವುದನ್ನು ಬಿಟ್ಟು ಅದರ ಕಿವಿ, ಕಣ್ಣು, ಬಾಲಗಳನ್ನು ಸುಮ್ಮನೆ ಗಮನಿಸುವ ವ್ಯವಧಾನ ಬೇಕು. ಅದನ್ನು ಮಕ್ಕಳಿಗೆ ಕಲಿಸಿದ ಮನೆಯಲ್ಲಿ ಕಚ್ಚುವ ಪ್ರಸಂಗವೂ ಕಡಿಮೆ, ಬೀದಿಪಾಲಾಗುವ ನಾಯಿಗಳೂ ಕಡಿಮೆ.