ಮಿದುಳಿಗೆ ಕಸಿ

ಮಾವಿನ ಸಸಿಗೆ ಕಸಿ ಕಟ್ಟುವುದನ್ನು ಹಳ್ಳಿಗಾಡಿನ ಮಕ್ಕಳು ನೋಡಿಯೇ ಇರುತ್ತಾರೆ. ನಾಟಿ ಸಸಿಯ ಕಾಂಡವನ್ನು ಓರೆಯಾಗಿ ಕೊಯ್ದು, ಒಳ್ಳೆಯ ಜಾತಿಯ ಮರದ ಎಳೆಯ ಕಡ್ಡಿಯನ್ನು ಅದಕ್ಕೆ ಹೊಂದಿಸಿ ಬಿಗಿಯಾಗಿ ಕಟ್ಟಿದರೆ, ಕೆಲವು ವಾರಗಳಲ್ಲಿ ಎರಡೂ ಬೆಸೆದು ಒಂದಾಗುತ್ತವೆ. ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನೂ ನಾವು ಇದೇ ಹೆಸರಿನಿಂದ ಕರೆಯುತ್ತೇವೆ. ಹಾಗಾದರೆ ಮಿದುಳಿಗೂ ಕಸಿ ಮಾಡಬಹುದೆ? ಮಿದುಳಿನ ನಾಶವಾದ ಭಾಗಕ್ಕೆ ಹೊಸ ಅಂಗಾಂಶವನ್ನು ಸೇರಿಸಿದರೆ, ಅಳಿದುಹೋದ ಕಲಿಕೆಯೂ ಮರಳಿ ಬಂದೀತೆ?

ಈ ಪ್ರಶ್ನೆಯ ಹಿಂದೆ ಅಸಂಖ್ಯ ಜನರ ಸಂಕಟವಿದೆ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು, ಪಾರ್ಶ್ವವಾಯುವಿಗೆ ತುತ್ತಾದವರು ಬದುಕಿ ಉಳಿದರೂ ಎಷ್ಟೋ ಸಲ ಹಿಂದಿನಂತಿರಲಾರರು. ನಿನ್ನೆಯವರೆಗೆ ಸರಾಗವಾಗಿ ಓದುತ್ತಿದ್ದವರು ಅಕ್ಷರಗಳ ಮುಂದೆ ತಡವರಿಸುತ್ತಾರೆ. ದಿನವೂ ನಡೆದಾಡಿದ ದಾರಿ ಮರೆತುಹೋಗುತ್ತದೆ. ಚರ್ಮದ ಗಾಯ ಮಾಯುತ್ತದೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಮಿದುಳಿನ ಗಾಯವೇಕೆ ಹಾಗೆ ಮಾಯದು?

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ಕೋಶವೂ ತನ್ನ ಸೂಕ್ಷ್ಮವಾದ ಎಳೆಗಳನ್ನು ಚಾಚಿ ಇತರ ಕೋಶಗಳೊಡನೆ ಸಂಪರ್ಕವನ್ನಿಟ್ಟುಕೊಂಡಿರುತ್ತದೆ. ನಾವು ಹೊಸದೊಂದನ್ನು ಕಲಿತಾಗ ಈ ಸಂಪರ್ಕಗಳು ಮಾರ್ಪಡುತ್ತವೆ. ಕೆಲವು ಬಲಗೊಳ್ಳುತ್ತವೆ, ಕೆಲವು ಸಡಿಲವಾಗುತ್ತವೆ. ಚರ್ಮದ ಕೋಶ ಒಡೆದು ಎರಡಾಗಬಲ್ಲದು; ಪೂರ್ಣವಾಗಿ ಬೆಳೆದ ನರಕೋಶಕ್ಕೆ ಆ ಶಕ್ತಿಯಿಲ್ಲ. ಸ್ಪೇನ್ ದೇಶದ ಮಹಾವಿಜ್ಞಾನಿ ಸಾಂಟಿಯಾಗೊ ರಮೋನ್ ಇ ಕಹಾಲ್, ಪ್ರೌಢ ಮಿದುಳಿನಲ್ಲಿ ಅಳಿದದ್ದು ಮತ್ತೆ ಚಿಗುರದೆಂದು 1928ರಲ್ಲಿ ಬರೆದರು. ಆದರೆ ಈ ಕಠೋರ ನಿಯಮವನ್ನು ಸಾಧ್ಯವಾದರೆ ಬದಲಿಸುವ ಹೊಣೆಯನ್ನು ಅವರು ಮುಂದಿನ ವಿಜ್ಞಾನಕ್ಕೇ ಬಿಟ್ಟುಕೊಟ್ಟರು.

ಆ ಹೊಣೆಯನ್ನು ಹೊರುವ ಪ್ರಯತ್ನ ಅದಕ್ಕೂ ಮೊದಲೇ ಆರಂಭವಾಗಿತ್ತು. 1890ರಲ್ಲಿ ನ್ಯೂಯಾರ್ಕಿನ ವೈದ್ಯ ಗಿಲ್ಮನ್ ಥಾಂಪ್ಸನ್ ಬೆಕ್ಕಿನ ಮಿದುಳಿನ ತುಣುಕನ್ನು ನಾಯಿಯ ಮಿದುಳಿನಲ್ಲಿರಿಸಿ ನೋಡಿದರು. ಬಲಿತ ಪ್ರಾಣಿಯಿಂದ ತೆಗೆದ ಆ ನರಕೋಶಗಳು ಹೊಸ ನೆಲೆಯಲ್ಲಿ ಬಾಳಲಿಲ್ಲ. 1917ರಲ್ಲಿ ಎಲಿಜಬೆತ್ ಡನ್ ಆಗತಾನೆ ಹುಟ್ಟಿದ ಇಲಿಮರಿಗಳ ಅಂಗಾಂಶವನ್ನು ಬಳಸಿದಾಗ ಕೆಲವೇ ಕಸಿಗಳು ಉಳಿದುಕೊಂಡವು. 1971ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಗೋಪಾಲ ದಾಸ್ ಮತ್ತು ಜೋಸೆಫ್ ಆಲ್ಟ್‌ಮನ್, ನರಕೋಶಗಳಾಗಿ ಬೆಳೆಯಲಿದ್ದ ಎಳೆಯ ಕೋಶಗಳನ್ನು ಇಲಿಮರಿಗಳ ಮಿದುಳಿಗೆ ಸೇರಿಸಿ, ಅವು ಅಲ್ಲಿ ಬೇರೂರುವುದನ್ನು ತೋರಿಸಿಕೊಟ್ಟರು. ಒಣಗಿದ ಕೊಂಬೆಯಿಂದ ಕಸಿಯಾಗದು, ಎಳೆಯ ಕಡ್ಡಿಯೇ ಬೇಕೆಂಬ ತೋಟಗಾರನ ಅನುಭವ ಮಿದುಳಿಗೂ ಸಲ್ಲುತ್ತದೆ. ಹೀಗಾಗಿ ಮುಂದಿನ ಪ್ರಯೋಗಗಳಲ್ಲಿ ಭ್ರೂಣದ ಅಂಗಾಂಶಕ್ಕೆ ಪ್ರಾಶಸ್ತ್ಯ ದೊರೆಯಿತು.

ಕಸಿಯಾದ ಅಂಗಾಂಶ ಬದುಕಿದ ಮಾತ್ರಕ್ಕೆ ಕಲಿಕೆಗೆ ನೆರವಾದೀತೆ? ಇದನ್ನು ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಸ್ಟೈನ್ ಮತ್ತು ಸಂಗಡಿಗರು ಪರೀಕ್ಷಿಸಿ, 1983ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಿದುಳಿನ ಮುಂಭಾಗದ ಹೊರಪದರಕ್ಕೆ ಹಾನಿಯಾಗಿದ್ದ ಇಲಿಗಳನ್ನು ಅವರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಭ್ರೂಣದ ಮಿದುಳಿನ ಮುಂಭಾಗದ ಅಂಗಾಂಶವನ್ನೂ, ಇನ್ನೊಂದಕ್ಕೆ ದೇಹದ ಸಮತೋಲವನ್ನು ಕಾಯುವ ಅನುಮಸ್ತಿಷ್ಕದ ಅಂಗಾಂಶವನ್ನೂ ಕಸಿ ಮಾಡಿದರು. ಮತ್ತೊಂದು ಗುಂಪಿಗೆ ಏನನ್ನೂ ಮಾಡಲಿಲ್ಲ. ಅನಂತರ ಇಲಿಗಳಿಗೆ ಕವಲೊಡೆದ ದಾರಿಯಲ್ಲಿ ಒಂದು ಪಾಠವನ್ನು ಕಲಿಸಲಾಯಿತು. ಒಮ್ಮೆ ಎಡಕ್ಕೆ ತಿರುಗಿದರೆ ಮರುಸಲ ಬಲಕ್ಕೆ ತಿರುಗಬೇಕು. ಹಾಗೆ ಮಾಡಿದರೆ ಮಾತ್ರ ಬಹುಮಾನ. ಹಿಂದಿನ ಸಲ ಏನು ಮಾಡಿದೆನೆಂಬ ನೆನಪಿಲ್ಲದೆ ಈ ಪಾಠ ಬಾರದು. ಮುಂಭಾಗದ ಅಂಗಾಂಶವನ್ನು ಪಡೆದ ಇಲಿಗಳು ಕಸಿಯಿಲ್ಲದವುಗಳಿಗಿಂತ ಬೇಗನೆ ಕಲಿತವು. ಅನುಮಸ್ತಿಷ್ಕದ ಅಂಗಾಂಶದಿಂದ ಅಂಥ ಪ್ರಯೋಜನವಾಗಲಿಲ್ಲ. ಆದರೂ ಗಾಯಗೊಳ್ಳದ ಇಲಿಗಳಿಗೆ ಕಸಿ ಪಡೆದವು ಸರಿಸಮಾನವಾಗಲಿಲ್ಲ.

ಕಸಿಯ ಕೋಶಗಳು ಕಡಿದುಹೋದ ತಂತುಗಳನ್ನು ಜೋಡಿಸಿದ್ದರಿಂದಲೇ ಈ ಫಲ ದೊರೆಯಿತೆಂದು ಹೇಳುವಂತಿರಲಿಲ್ಲ. 1986ರಲ್ಲಿ ಕ್ಯಾಲಿಫೋರ್ನಿಯದ ಕಾರ್ಲ್ ಕಾಟ್‌ಮನ್ ಮತ್ತು ಸಂಗಡಿಗರು ನರಕೋಶಗಳಿಗೆ ಬದಲಾಗಿ, ಅವುಗಳನ್ನು ಪೋಷಿಸುವ ನಕ್ಷತ್ರಾಕಾರದ ಕೋಶಗಳನ್ನು ಮಾತ್ರ ಕಸಿ ಮಾಡಿದಾಗಲೂ ಇಲಿಗಳು ಚೇತರಿಸಿಕೊಂಡವು. ಕಸಿಯಾದ ಅಂಗಾಂಶವು ಕೆಲವೊಮ್ಮೆ ದಾದಿಯಂತೆ ಪೋಷಕ ದ್ರವ್ಯಗಳನ್ನು ಸ್ರವಿಸಿ, ಅಳಿದುಳಿದ ಕೋಶಗಳಿಗೆ ಬಲ ಕೊಡುತ್ತದೆಂದು ಇದರಿಂದ ತಿಳಿದುಬಂತು.

ಇದಕ್ಕಿಂತ ಹೆಚ್ಚಿನ ವಿಚಾರವೊಂದು 1992ರಲ್ಲಿ ಬೆಳಕಿಗೆ ಬಂದಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸ್ಟೀಫನ್ ಡನೆಟ್ ಮತ್ತು ಸಂಗಡಿಗರು, ಬೆಳಕಿನ ಸಂಕೇತವನ್ನು ಕಂಡೊಡನೆ ರಂಧ್ರದೊಳಗೆ ಮೂತಿಯನ್ನು ಚಾಚುವಂತೆ ಇಲಿಗಳನ್ನು ಪಳಗಿಸಿದರು. ಅಭ್ಯಾಸಗಳನ್ನು ರೂಢಿಗೊಳಿಸುವ ಮಿದುಳಿನ ಆಳದ ಭಾಗಕ್ಕೆ ಹಾನಿಯಾದ ಮೇಲೆ ಆ ಪಾಠ ಕೆಟ್ಟುಹೋಯಿತು. ಅಲ್ಲಿಗೆ ಹೊಸ ಅಂಗಾಂಶವನ್ನು ಕಸಿ ಮಾಡಿ, ಅದು ಬೇರೂರುವವರೆಗೂ ಕಾದರು. ಬಳಿಕ ಪರೀಕ್ಷಿಸಿದಾಗ ಆರಂಭದಲ್ಲಿ ಕಸಿ ಪಡೆದ ಇಲಿಗಳೂ ಪಡೆಯದ ಇಲಿಗಳೂ ಒಂದೇ ರೀತಿ ಸೋತವು! ಪಾಠವನ್ನು ಹೊಸದಾಗಿ, ದಿನವೂ ಹೇಳಿಕೊಟ್ಟಾಗ ಮಾತ್ರ ಕಸಿ ಪಡೆದ ಇಲಿಗಳು ಕ್ರಮೇಣ ಚೇತರಿಸಿಕೊಂಡವು. ಹೊಸ ಅಂಗಾಂಶ ಬಂದಿತ್ತು; ಆದರೆ ಅದು ಬರಿಯ ಹಲಗೆಯಂತಿತ್ತು. ಅದನ್ನು ಬಳಸಿಕೊಳ್ಳುವುದನ್ನೂ ಪ್ರಾಣಿಯು ಕಲಿಯಬೇಕಾಗಿತ್ತು. ಹಾಡುತ್ತ ಹಾಡುತ್ತ ರಾಗವೆಂಬ ಗಾದೆ ಕಸಿಯಾದ ಮಿದುಳಿಗೂ ಒಪ್ಪುತ್ತದೆ.

ಪರಿಸರದ ಪ್ರಭಾವವೂ ಕಡಿಮೆಯದಲ್ಲ. ಗಾಯಗೊಂಡ ಇಲಿಗಳಲ್ಲಿ ಕಸಿಯ ಫಲವು ಅವು ವಾಸಿಸುವ ಪರಿಸರಕ್ಕೆ ತಕ್ಕಂತೆ ಬದಲಾಗುತ್ತದೆಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಸಂಶೋಧಕರು 1988ರಲ್ಲಿ ತೋರಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗಕ್ಕೆ ಪೆಟ್ಟಾದ ಇಲಿಗಳನ್ನು ವೈವಿಧ್ಯಮಯ ಪರಿಸರದಲ್ಲಿರಿಸಿದಾಗ ದಾರಿ ಹುಡುಕುವ ಒಂದು ಪರೀಕ್ಷೆಯಲ್ಲಿ ಅವು ಸುಧಾರಿಸಿದವೆಂದೂ ಇನ್ನೊಂದರಲ್ಲಿ ಸುಧಾರಿಸಲಿಲ್ಲವೆಂದೂ ಅಲ್ಲಿನ ಸಂಶೋಧಕರು 2005ರಲ್ಲಿ ವರದಿ ಮಾಡಿದರು. ಇಂಥ ಇಲಿಗಳಿಗೆ ಸೂಕ್ತ ಕೋಶಗಳನ್ನು ಕಸಿ ಮಾಡಿದಾಗ ದಾರಿಯನ್ನು ಕಲಿಯುವ ಶಕ್ತಿ ಮರಳಿತೆಂದು 2009ರಲ್ಲಿ ಪ್ರಕಟಿಸಿದರು.

ಇಲಿಯಿಂದ ಮನುಷ್ಯನತ್ತ ಸಾಗುವ ದಾರಿ ಮಾತ್ರ ದೀರ್ಘವಾದುದು, ಎಡರುಗಳಿಂದ ಕೂಡಿದುದು. ಕೈಕಾಲು ನಡುಗುವ ಪಾರ್ಕಿನ್‌ಸನ್ ರೋಗಕ್ಕೆ 1982ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೊದಲ ಕಸಿ ನಡೆಯಿತು, ಫಲ ಅಲ್ಪವಾಗಿತ್ತು. 1987ರಲ್ಲಿ ಮೆಕ್ಸಿಕೊದಿಂದ ಭಾರಿ ಯಶಸ್ಸಿನ ಸುದ್ದಿ ಬಂದಾಗ ಜಗತ್ತು ಹಿಗ್ಗಿತು. ಇತರ ವೈದ್ಯರಿಗೆ ಅಂಥ ಫಲ ದೊರೆಯಲಿಲ್ಲ. 2001ರಲ್ಲಿ ಅಮೆರಿಕದಲ್ಲಿ 40 ರೋಗಿಗಳ ಮೇಲೆ ನಡೆದ ಎಚ್ಚರದ ಪರೀಕ್ಷೆಯ ಫಲಿತಾಂಶ ಹೊರಬಂದಿತು. ಕಿರಿಯ ವಯಸ್ಸಿನವರಲ್ಲಿ ಸ್ವಲ್ಪ ಸುಧಾರಣೆ ಕಂಡರೂ ಕೆಲವರಲ್ಲಿ ಹತೋಟಿಗೆ ಬಾರದ ಚಲನೆಗಳು ತಲೆದೋರಿದವು. ಭ್ರೂಣದ ಅಂಗಾಂಶವನ್ನು ಬಳಸುವುದು ಧರ್ಮವೇ ಎಂಬ ಪ್ರಶ್ನೆಯೂ ಎದ್ದಿತು. ಪ್ರಯೋಗಶಾಲೆಯಲ್ಲಿ ಆಕರಕೋಶಗಳಿಂದ ಬೆಳೆಸಿದ ನರಕೋಶಗಳನ್ನು ಜಪಾನಿನ ಕ್ಯೋಟೋದಲ್ಲಿ 7 ಮಂದಿಗೆ, ಉತ್ತರ ಅಮೆರಿಕದಲ್ಲಿ 12 ಮಂದಿಗೆ ಕಸಿ ಮಾಡಿದ ವರದಿಗಳು 2025ರಲ್ಲಿ ಪ್ರಕಟವಾದವು. ಕಸಿ ಸುರಕ್ಷಿತವೇ ಎಂಬುದನ್ನು ತಿಳಿಯುವುದೇ ಅವುಗಳ ಮುಖ್ಯ ಗುರಿಯಾಗಿತ್ತು. ಆ ಮಟ್ಟಿಗೆ ಅವು ಭರವಸೆ ತಂದಿವೆ.

ಇವೆಲ್ಲ ಚಲನೆಗೆ ಸಂಬಂಧಿಸಿದ ರೋಗದ ಮಾತಾಯಿತು. ತಲೆಗೆ ಪೆಟ್ಟು ಬಿದ್ದು ಕಲಿಕೆಯನ್ನು ಕಳೆದುಕೊಂಡವರಿಗೆ ಕಸಿಯು ಇನ್ನೂ ಒಪ್ಪಿತವಾದ ಚಿಕಿತ್ಸೆಯಾಗಿಲ್ಲ. ಅಂಥ ಆಸೆಯನ್ನು ಮಾರುವವರ ಮಾತಿಗೆ ಮರುಳಾಗುವುದು ಅಪಾಯಕರ. ಇಂದಿಗೂ ಅವರಿಗೆ ಆಸರೆಯಾಗಿರುವುದು ತಾಳ್ಮೆಯ ಮರುಶಿಕ್ಷಣವೇ. ಮಾತನಾಡಲು, ನಡೆಯಲು, ಓದಲು ಮತ್ತೆ ಮೊದಲಿನಿಂದ ಅಭ್ಯಾಸ ಮಾಡಿದಾಗ ಉಳಿದ ನರಕೋಶಗಳ ನಡುವೆ ಹೊಸ ಸಂಪರ್ಕಗಳು ಏರ್ಪಡಬಲ್ಲವು. ಮುಂದೊಂದು ದಿನ ಮಿದುಳಿನ ಕಸಿ ಕೈಗೂಡಿದರೂ ಈ ಅಭ್ಯಾಸ ತಪ್ಪಿದ್ದಲ್ಲ. ಶಸ್ತ್ರವೈದ್ಯರು ಹೊಸ ಅಂಗಾಂಶವನ್ನು ಕೊಡಬಲ್ಲರು. ವಿದ್ಯೆಯನ್ನು ಅದರೊಳಗೆ ತುಂಬಿ ಕೊಡಲಾರರು. ಅದನ್ನು ಅವರವರೇ ದುಡಿದು ಗಳಿಸಬೇಕು. ಅದಕ್ಕೆ ಪಕ್ಕದಲ್ಲಿ ಕುಳಿತು, ಬೇಸರಿಸದೆ ಮತ್ತೆ ಮತ್ತೆ ಹೇಳಿಕೊಡುವ ಒಬ್ಬರು ಬೇಕು.